ಹೋದ ಕರೆಂಟು ಮರಳಿ ಬರುವ ದಾರಿ

ಪ್ರಶ್ನೆ: ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಹಳ್ಳಿಯವನು, ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿ. ಆರ್ಡುಯಿನೊ ಊನೊ (ಪ್ರೋಗ್ರಾಂ ಹಾಕಿ ಎಲ್‌ಇಡಿ, ಸೆನ್ಸರ್, ಮೋಟಾರುಗಳನ್ನು ನಡೆಸುವ ಪುಟ್ಟ ಬೋರ್ಡು) ಕಿಟ್ ತರಿಸಿಕೊಂಡಿದ್ದೇನೆ. ಎಂಟನೇ ಪಿನ್ನಿಗೆ ನೇರವಾಗಿ ಜೋಡಿಸಿದ ಎಲ್‌ಇಡಿ ಚೆನ್ನಾಗಿ ಉರಿದು ಆಮೇಲೆ ಮಂಕಾಯಿತು. ಈಗ ಆ ಪಿನ್ನಿನಲ್ಲಿ ಹೊಸ ಎಲ್‌ಇಡಿಯೂ ಉರಿಯುತ್ತಿಲ್ಲ. 9 ವೋಲ್ಟ್ ಬ್ಯಾಟರಿಯಿಂದ ಸಣ್ಣ ಮೋಟಾರು ತಿರುಗಿಸಲು ಹೋದರೆ ಬೋರ್ಡು ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ಮೋಟಾರಿಗೆ ಬೇರೆ ಅಡಾಪ್ಟರ್ ಕೊಟ್ಟರೆ ಟ್ರಾನ್ಸಿಸ್ಟರ್ ಅದನ್ನು ಚಾಲೂ ಮಾಡುವುದೇ ಇಲ್ಲ. 2 ಆಂಪಿಯರ್ ಅಡಾಪ್ಟರ್‌ನಿಂದ ಬೋರ್ಡು ಸುಡುತ್ತದೆಯೇ? ಏನೂ ಜೋಡಿಸದ ಅನಲಾಗ್ ಪಿನ್ ಕೂಡ ಸಂಖ್ಯೆ ತೋರಿಸುವುದೇಕೆ? ಲ್ಯಾಪ್‌ಟಾಪಿಗೆ ಸಿಕ್ಕಿಸಿದಾಗ ಬೋರ್ಡಿನ ಲೋಹ ಮುಟ್ಟಿದರೆ ಜುಮ್ ಎನ್ನುತ್ತದೆ, 5 ವೋಲ್ಟ್ ಶಾಕ್ ಹೊಡೆಯುತ್ತದೆಯೇ? ನನ್ನ ಗುರಿ ಇಷ್ಟು: ತ್ರೀ ಫೇಸ್ ಬಂದಾಗ ಮಣ್ಣು ಒಣಗಿದ್ದರೆ ಹೊಲದ ಪಂಪು ತಾನೇ ಶುರುವಾಗಬೇಕು, ಅಪ್ಪ ರಾತ್ರಿ ಹೊಲಕ್ಕೆ ಹೋಗುವುದು ತಪ್ಪಬೇಕು.

ಉತ್ತರ: ನಿಮ್ಮ ಪ್ರಶ್ನೆಗಳಿಗೆ ಕೇಳಿದ ಕ್ರಮದಲ್ಲಿ ಉತ್ತರಿಸುವುದಿಲ್ಲ. ಎರಡು ಸಲ ಓದಿದ ಮೇಲೆ ಅವುಗಳಲ್ಲಿ ಬಹುಪಾಲು ಒಂದೇ ಪ್ರಶ್ನೆ ಎನ್ನಿಸಿತು. ಪಿನ್ನಿನಿಂದ ಹೊರಡುವ ತಂತಿ, ಬ್ಯಾಟರಿಯ ಪ್ಲಸ್ಸಿನಿಂದ ಹೊರಡುವ ತಂತಿ, ಇವುಗಳ ಲೆಕ್ಕವನ್ನು ನೀವು ಚೊಕ್ಕವಾಗಿ ಇಟ್ಟಿದ್ದೀರಿ. ಹೋದದ್ದು ಯಾವ ದಾರಿಯಲ್ಲಿ ಮರಳುತ್ತದೆ ಎಂಬುದನ್ನು ಒಂದು ಕಡೆಯೂ ಕೇಳಿಲ್ಲ. ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಹುಡುಗರ ತಂತಿಗಳನ್ನು ಬಿಚ್ಚಿ ಕಟ್ಟಿದವನು ನಾನು. ಕೆಲಸ ಮಾಡದ ಸರ್ಕ್ಯೂಟ್ ಕೈಗೆ ಬಂದರೆ ಈಗಲೂ ಮೊದಲು ಬೆರಳಿಡುವುದು ಕಪ್ಪು ತಂತಿಯ ಮೇಲೆಯೇ.

ಅದಕ್ಕೂ ಮೊದಲು ನಮ್ಮ ಮಾತಿನಲ್ಲಿರುವ ಒಂದು ತೊಡಕನ್ನು ಬಿಡಿಸಬೇಕು. ‘ಕರೆಂಟು ಬಂತು’, ‘ಕರೆಂಟು ಹೋಯಿತು’ ಎಂದು ನಾವೆಲ್ಲ ಹೇಳುತ್ತೇವೆ. ನಿಜವಾಗಿ ಬಂದದ್ದು ವೋಲ್ಟೇಜು, ನಿಮ್ಮ ಎಸ್‌ಎಸ್‌ಎಲ್‌ಸಿ ಪುಸ್ತಕದ ‘ವಿಭವಾಂತರ’. ಮನೆಯ ಸ್ವಿಚ್ಚುಗಳೆಲ್ಲ ಆರಿದ್ದಾಗ ಅವುಗಳ ಹಿಂದಿನ ತಂತಿಯಲ್ಲಿ 230 ವೋಲ್ಟ್ ಕಾದು ಕುಳಿತಿರುತ್ತದೆ, ಕರೆಂಟು ಒಂದು ಹನಿಯೂ ಹರಿಯುತ್ತಿರುವುದಿಲ್ಲ. ಫ್ಯಾನು ಹಾಕಿದಾಗಲೇ ಕರೆಂಟು ಹರಿಯಲು ಶುರು. ವೋಲ್ಟೇಜು ಇರುತ್ತದೆ, ಕರೆಂಟು ಹರಿಯುತ್ತದೆ. ಈ ಎರಡು ಕ್ರಿಯಾಪದಗಳನ್ನು ಅದಲುಬದಲು ಮಾಡದಿದ್ದರೆ ಅರ್ಧ ಗೊಂದಲ ತೀರುತ್ತದೆ.

ಶಾಲೆಯಲ್ಲಿ ವಿದ್ಯುತ್ತನ್ನು ನೀರಿಗೆ ಹೋಲಿಸಿ ಹೇಳಿರುತ್ತಾರೆ. ಹೋಲಿಕೆ ಕೆಟ್ಟದ್ದೇನಲ್ಲ, ಆದರೆ ನಮ್ಮ ಭಾಗದ ನೀರು ನೋಡಿ ಬೆಳೆದವರಿಗೆ ಅದು ಒಂದು ತಪ್ಪನ್ನು ಕಲಿಸಿಬಿಡುತ್ತದೆ. ಬೀದರಿನ ನೌಬಾದಿನಲ್ಲಿ ಬಹಮನಿಯರ ಕಾಲದ ಸುರಂಗ ಬಾವಿ ಇದೆ, ಕರೇಜ್ ಎಂದೂ ಕರೆಯುತ್ತಾರೆ. ನೆಲದೊಳಗಿನ ಸುರಂಗದಲ್ಲಿ ಸಣ್ಣ ಇಳಿಜಾರನ್ನೇ ನಂಬಿ ನೀರು ಊರಿನ ಕಡೆಗೆ ಹರಿಯುವಂತೆ ಕಟ್ಟಿದ ವ್ಯವಸ್ಥೆ ಅದು. ಇಳಿಜಾರು ಎಂದರೆ ವೋಲ್ಟೇಜು, ಹರಿವು ಎಂದರೆ ಕರೆಂಟು, ಸುರಂಗದ ಇಕ್ಕಟ್ಟು ಎಂದರೆ ರೋಧ. ಅಲ್ಲಿಯವರೆಗೆ ಸರಿ. ಆದರೆ ಊರಿಗೆ ಬಂದ ನೀರನ್ನು ಜನ ಕುಡಿದರು, ತೋಟಕ್ಕೆ ಬಿಟ್ಟರು, ಕಥೆ ಮುಗಿಯಿತು. ಅದು ಮರಳಿ ಬುಗ್ಗೆಗೆ ಹೋಗಬೇಕಾಗಿಲ್ಲ. ವಿದ್ಯುತ್ತು ಹಾಗೆ ಖರ್ಚಾಗಿ ಮುಗಿಯುವ ಪದಾರ್ಥವಲ್ಲ.

ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದದ್ದು ಹಿಟ್ಟಿನ ಗಿರಣಿಯ ಬೆಲ್ಟಿನ ಕಥೆ. ಮೋಟಾರಿನ ಪುಲ್ಲಿಯಿಂದ ಹೊರಟ ಬೆಲ್ಟು ಗಿರಣಿಯ ಪುಲ್ಲಿಯನ್ನು ಸುತ್ತಿ ಮರಳಿ ಮೋಟಾರಿಗೇ ಬರುತ್ತದೆ. ಜೋಳ ಬೀಸಿದ ಮೇಲೆ ಬೆಲ್ಟೇನೂ ಕಡಿಮೆಯಾಗುವುದಿಲ್ಲ, ಅದು ಶಕ್ತಿಯನ್ನಷ್ಟೇ ದಾಟಿಸುತ್ತದೆ. ಹೋಗುವ ಬದಿಯಲ್ಲಿ ಕತ್ತರಿಸಿದರೂ ಬರುವ ಬದಿಯಲ್ಲಿ ಕತ್ತರಿಸಿದರೂ ಗಿರಣಿ ಅದೇ ಗಳಿಗೆಯಲ್ಲಿ ನಿಲ್ಲುತ್ತದೆ. ರೋಧಕವನ್ನು ಎಲ್‌ಇಡಿಗಿಂತ ಮೊದಲು ಹಾಕಬೇಕೋ ಆಮೇಲೆ ಹಾಕಬೇಕೋ ಎಂದು ಕೇಳದ ಹುಡುಗನನ್ನು ನಾನು ಕಂಡಿಲ್ಲ. ಬೆಲ್ಟಿನ ಯಾವ ಬದಿಯಲ್ಲಿ ಕೈ ಒತ್ತಿ ಹಿಡಿದರೂ ಇಡೀ ಬೆಲ್ಟು ನಿಧಾನವಾಗುವಂತೆ, ರೋಧಕವನ್ನು ಯಾವ ಬದಿಗೆ ಹಾಕಿದರೂ ಒಂದೇ. (ನಿಜವಾದ ಗಿರಣಿಯಲ್ಲಿ ಕೈ ಇಡಬೇಡಿ.) ಬೋರ್ಡಿನ ಮೇಲೆ ‘ಜಿಎನ್‌ಡಿ’ ಎಂದು ಬರೆದ ಪಿನ್ ಇದೆಯಲ್ಲ, ಅದೇ ಬೆಲ್ಟು ಮರಳಿ ಬರುವ ಬದಿ. ಗ್ರೌಂಡ್ ಎಂಬ ಹೆಸರಿನಿಂದ ಮೋಸ ಹೋಗಬೇಡಿ, ನಿಮ್ಮ ಹೊಲದ ನೆಲಕ್ಕೂ ಅದಕ್ಕೂ ಸದ್ಯಕ್ಕೆ ಸಂಬಂಧವಿಲ್ಲ.

2 ಆಂಪಿಯರ್ ಅಡಾಪ್ಟರಿನ ಭಯ ಬಿಡಿ. ಅಡಾಪ್ಟರಿನ ಮೇಲಿರುವ ವೋಲ್ಟ್ ಎಂದರೆ ಅದು ಕೊಟ್ಟೇ ಕೊಡುವ ಒತ್ತಡ, ಆಂಪಿಯರ್ ಎಂದರೆ ಕೇಳಿದರೆ ಕೊಡಬಲ್ಲ ಗರಿಷ್ಠ ಮಿತಿ. ಮಾಳಿಗೆಯ ಮೇಲೆ ಸಾವಿರ ಲೀಟರಿನ ಟ್ಯಾಂಕಿನ ಬದಲು ಎರಡು ಸಾವಿರದ್ದನ್ನು ಇಟ್ಟ ಮಾತ್ರಕ್ಕೆ ನಲ್ಲಿ ಜೋರಾಗಿ ಸುರಿಯುವುದಿಲ್ಲ, ಎತ್ತರಕ್ಕೆ ಏರಿಸಿದರೆ ಸುರಿಯುತ್ತದೆ. ಹಾಗಾಗಿ 5 ವೋಲ್ಟಿನ ಸಾಧನಕ್ಕೆ 5 ವೋಲ್ಟಿನದೇ ಅಡಾಪ್ಟರ್ ಇರಲಿ, ಆಂಪಿಯರ್ ಎಷ್ಟಾದರೂ ಹೆಚ್ಚಿರಲಿ. ಊನೊ ತನಗೆ ಬೇಕಾದ ಐವತ್ತರ ಆಸುಪಾಸಿನ ಮಿಲಿಆಂಪಿಯರ್ ಮಾತ್ರ ಎಳೆದುಕೊಳ್ಳುತ್ತದೆ.

ಹಾಗಾದರೆ ಎಲ್‌ಇಡಿ ಏಕೆ ಸತ್ತಿತು ಎಂದು ನೀವು ಕೇಳುವುದು ನ್ಯಾಯ. ಬೇಕಾದಷ್ಟೇ ಎಳೆದುಕೊಳ್ಳುವ ಶಿಸ್ತು ಎಲ್‌ಇಡಿಗೆ ಇಲ್ಲ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟಿನವರೆಗೆ ಬಾಗಿಲು ಮುಚ್ಚಿಕೊಂಡಂತೆ ಇರುತ್ತದೆ. ಅದನ್ನು ದಾಟಿದ ಮೇಲೆ ವೋಲ್ಟೇಜು ತುಸುವೇ ಏರಿದರೂ ಕರೆಂಟು ಹಲವು ಪಟ್ಟು ಏರುತ್ತದೆ. 1827ರಲ್ಲಿ ಗಿಯೋರ್ಗ್ ಓಮ್ ಪ್ರಕಟಿಸಿದ ನೇರ ಲೆಕ್ಕ, ಅಂದರೆ ವೋಲ್ಟೇಜು ಎಷ್ಟು ಪಟ್ಟು ಏರಿದರೆ ಕರೆಂಟೂ ಅಷ್ಟೇ ಪಟ್ಟು ಏರುತ್ತದೆ ಎಂಬುದು, ಇಂಥ ಡಯೋಡಿಗೆ (ಒಂದೇ ದಿಕ್ಕಿಗೆ ಕರೆಂಟು ಬಿಡುವ ಬಿಡಿಭಾಗಕ್ಕೆ) ಅನ್ವಯಿಸದು. ಅದಕ್ಕಾಗಿಯೇ ಪಕ್ಕದಲ್ಲಿ ಓಮ್ ಹೇಳಿದ್ದನ್ನು ಕೇಳುವ ರೋಧಕವೊಂದನ್ನು ಕೂರಿಸುತ್ತೇವೆ. ಪಿನ್ನಿನಲ್ಲಿ 5 ವೋಲ್ಟ್, ಎಲ್‌ಇಡಿ ಇಟ್ಟುಕೊಳ್ಳುವುದು 2, ಉಳಿದ 3 ವೋಲ್ಟ್ ರೋಧಕದ ಪಾಲು. 15 ಮಿಲಿಆಂಪಿಯರ್ ಸಾಕು ಎಂದುಕೊಂಡರೆ 3 ÷ 0.015 = 200 ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 220, ಅದನ್ನೇ ಹಾಕಿ. ನೀಲಿ ಅಥವಾ ಬಿಳಿ ಎಲ್‌ಇಡಿ 3 ವೋಲ್ಟಿನಷ್ಟು ಇಟ್ಟುಕೊಳ್ಳುತ್ತದೆ, ಅದಕ್ಕೂ 220 ನಡೆಯುತ್ತದೆ. ನಾನಂತೂ 470 ಹಾಕುತ್ತೇನೆ, ಕಣ್ಣಿಗೆ ಅಷ್ಟು ಬೆಳಕು ಸಾಕು.

ನಿಮ್ಮ ಸರ್ಕ್ಯೂಟಿನಲ್ಲಿ ರೋಧಕವಿರಲಿಲ್ಲ, ಆದ್ದರಿಂದ ಆ ಕೆಲಸವನ್ನು ಪಿನ್ನೇ ಮಾಡಬೇಕಾಯಿತು. ಊನೊದ ಎಟಿಮೆಗಾ328ಪಿ ಚಿಪ್ಪಿನ ಪಿನ್ನಿಗೆ ಸುಮಾರು 25 ಓಮ್ ಒಳರೋಧ ಇರುತ್ತದೆ. ಅದು ಕರೆಂಟನ್ನು ಒಂದಿಷ್ಟು ತಡೆದದ್ದರಿಂದಲೇ ಎಲ್‌ಇಡಿ ತಕ್ಷಣ ಸಿಡಿಯಲಿಲ್ಲ. ಆದರೆ ಒಂದು ಪಿನ್ನಿಗೆ ಮೀರಬಾರದ ಮಿತಿ 40 ಮಿಲಿಆಂಪಿಯರ್, ನೆಮ್ಮದಿಯಾಗಿ ಬಳಸಬಹುದಾದದ್ದು 20, ಇಡೀ ಚಿಪ್ಪಿಗೆ ಸೇರಿ 200. ನೀವು ಈ ಮಿತಿಯನ್ನು ದಾಟಿ ನಿಮಿಷಗಟ್ಟಲೆ ಓಡಿಸಿದ್ದೀರಿ. ಎಲ್‌ಇಡಿ ಮಂಕಾಗುವಾಗ ಪಿನ್ನೂ ಒಳಗೆ ಬೇಯುತ್ತಿತ್ತು.

9 ವೋಲ್ಟ್ ಬ್ಯಾಟರಿಯ ಬಗ್ಗೆ ನನಗೆ ಹಳೆಯ ಸಿಟ್ಟಿದೆ. ಕಿಟ್ ಮಾರುವವರೆಲ್ಲ ಅದನ್ನು ಜೊತೆಗೆ ಕೊಡುತ್ತಾರೆ, ಮೋಟಾರಿರುವ ಯಾವ ಯೋಜನೆಗೂ ಅದು ಸರಿಹೊಂದುವುದಿಲ್ಲ. ಆ ಚೌಕ ಡಬ್ಬಿಯೊಳಗೆ ಒಂದೂವರೆ ವೋಲ್ಟಿನ ಆರು ಪುಟ್ಟ ಕೋಶಗಳು ಸಾಲಾಗಿ ಕುಳಿತಿರುತ್ತವೆ. ಅದು ಹೊಗೆ ಪತ್ತೆ ಯಂತ್ರ, ಮಲ್ಟಿಮೀಟರ್‌ನಂತಹ ಅಲ್ಪಾಹಾರಿಗಳಿಗಷ್ಟೇ ತಕ್ಕದ್ದು. ಆಟಿಕೆ ಮೋಟಾರು ಹೊರಡುವ ಗಳಿಗೆಯಲ್ಲಿ ನೂರಾರು ಮಿಲಿಆಂಪಿಯರ್ ಕೇಳುತ್ತದೆ. ಆಗ ಬ್ಯಾಟರಿಯ ಒಳರೋಧದಲ್ಲೇ ವೋಲ್ಟೇಜು ಕುಸಿಯುತ್ತದೆ, ಬೋರ್ಡಿಗೆ ಉಸಿರು ಸಾಲುವುದಿಲ್ಲ, ರೀಸೆಟ್ ಆಗುತ್ತದೆ, ಮೋಟಾರು ನಿಲ್ಲುತ್ತದೆ, ವೋಲ್ಟೇಜು ಏರುತ್ತದೆ, ಬೋರ್ಡು ಎದ್ದು ಮತ್ತೆ ಮೋಟಾರನ್ನು ಕರೆಯುತ್ತದೆ. ನೀವು ನೋಡಿದ ‘ಮತ್ತೆ ಮತ್ತೆ’ ಇದೇ. ಮೊಬೈಲ್ ಚಾರ್ಜರಿನಿಂದ ಯುಎಸ್‌ಬಿ ತಂತಿಯಲ್ಲಿ ಬೋರ್ಡಿಗೆ 5 ವೋಲ್ಟ್ ಕೊಡಿ. ಗುಂಡು ಜಾಕಿನಲ್ಲಿ 12 ವೋಲ್ಟ್ ಕೊಡಬಹುದು, ಆದರೆ ಹೆಚ್ಚುವರಿ 7 ವೋಲ್ಟನ್ನು ಬೋರ್ಡಿನ ರೆಗ್ಯುಲೇಟರ್ ಬಿಸಿಯಾಗಿಯೇ ಕಳೆಯಬೇಕು. 200 ಮಿಲಿಆಂಪಿಯರ್ ಎಳೆದರೆ 1.4 ವಾಟ್ ಶಾಖ. ನಮ್ಮ ಮೇ ತಿಂಗಳಿನಲ್ಲಿ, ತಗಡಿನ ಶೆಡ್ಡಿನೊಳಗಿನ ಮುಚ್ಚಿದ ಡಬ್ಬಿಯಲ್ಲಿ, ಆ ಪುಟ್ಟ ಚಿಪ್ಪಿನ ಗತಿ ನೀವೇ ಊಹಿಸಿ.

ಈಗ ಮೋಟಾರಿನ ವಿಷಯ. ಮೋಟಾರಿಗೆ ಬೇರೆ ಅಡಾಪ್ಟರ್ ಕೊಟ್ಟದ್ದು ಒಳ್ಳೆಯ ಯೋಚನೆ, ಆದರೆ ನೀವು ಪ್ರಶ್ನೆಯ ಜೊತೆ ಕಳಿಸಿದ ನಕ್ಷೆಯ ಪ್ರಕಾರ ಆ ಅಡಾಪ್ಟರಿನ ಮೈನಸ್ ಮತ್ತು ಬೋರ್ಡಿನ ಜಿಎನ್‌ಡಿ ಎಲ್ಲಿಯೂ ಸೇರಿಲ್ಲ. ಬೋರ್ಡಿನ ಪಿನ್ನಿನಿಂದ ಟ್ರಾನ್ಸಿಸ್ಟರಿನ ಬೇಸಿಗೆ (ಚಾಲೂ ಮಾಡುವ ಕಾಲಿಗೆ) ಹೋದ ಕರೆಂಟು ಎಮಿಟರಿನಿಂದ (ಹೊರಹೋಗುವ ಕಾಲಿನಿಂದ) ಹೊರಬಂದು ಬೋರ್ಡಿಗೇ ಮರಳಬೇಕು. ಮರಳಲು ತಂತಿಯೇ ಇಲ್ಲದಿದ್ದರೆ ಅದು ಹೊರಡುವುದೂ ಇಲ್ಲ. ಎರಡು ಅಡಾಪ್ಟರುಗಳ ಮೈನಸ್ಸುಗಳನ್ನು ಒಂದು ತಂತಿಯಿಂದ ಸೇರಿಸಿ, ಟ್ರಾನ್ಸಿಸ್ಟರ್ ಮಾತು ಕೇಳುತ್ತದೆ. ಸೇರಿಸುವುದು ಅಡಾಪ್ಟರುಗಳ ಹೊರಬದಿಯ ಡಿಸಿ ಮೈನಸ್ಸುಗಳನ್ನು ಮಾತ್ರ, ಗೋಡೆಯ 230 ವೋಲ್ಟಿನ ನ್ಯೂಟ್ರಲ್ಲನ್ನು ಎಂದಿಗೂ ಅಲ್ಲ.

ಟ್ರಾನ್ಸಿಸ್ಟರೂ ಬದಲಾಗಬೇಕು. ನಿಮ್ಮ ನಕ್ಷೆಯಲ್ಲಿರುವ ಬಿಸಿ547 ತಾಳುವುದು 100 ಮಿಲಿಆಂಪಿಯರ್, ಮೋಟಾರಿಗೆ ಅದು ಸಾಲದು. ಅದರ ಬದಲು ಐಆರ್‌ಎಲ್‌ಜೆಡ್44ಎನ್ ಎಂಬ ಮಾಸ್‌ಫೆಟ್ (ಗೇಟ್ ಎಂಬ ಕಾಲಿನ ವೋಲ್ಟೇಜಿನಿಂದ ತೆರೆದು ಮುಚ್ಚುವ ಟ್ರಾನ್ಸಿಸ್ಟರ್) ಕೇಳಿದರೆ ಅಂಗಡಿಯವರು ಐಆರ್‌ಎಫ್‌ಜೆಡ್44ಎನ್ ಕೊಟ್ಟು ‘ಎರಡೂ ಒಂದೇ’ ಎನ್ನುತ್ತಾರೆ. ಒಂದೇ ಅಲ್ಲ. ಅವರು ಕೊಟ್ಟದ್ದು ಪೂರ್ತಿ ತೆರೆದುಕೊಳ್ಳಲು ಗೇಟಿಗೆ 10 ವೋಲ್ಟ್ ಬೇಕು, ನಿಮ್ಮ ಪಿನ್ ಕೊಡುವುದು 5. ಅರ್ಧ ತೆರೆದ ಬಾಗಿಲಲ್ಲಿ ಜನ ನುಗ್ಗಿದಂತೆ ಅದು ಬಿಸಿಯೇರುತ್ತದೆ. ಐಆರ್‌ಎಲ್‌ಜೆಡ್44ಎನ್ ಎಂದು ಕೇಳಿ. ನಡುವಿನ ‘ಎಲ್’ ಎಂಬ ಅಕ್ಷರವನ್ನು ಚಿಪ್ಪಿನ ಮೈಮೇಲೆ ನೀವೇ ಓದಿ ನೋಡಿದ ಮೇಲೆ ದುಡ್ಡು ಕೊಡಿ.

ಮೋಟಾರು, ರಿಲೇ (ಸುರುಳಿಯ ಕಾಂತದಿಂದ ತೆರೆದು ಮುಚ್ಚುವ ಸ್ವಿಚ್ಚು), ಸೊಲೆನಾಯ್ಡ್ (ಕಾಂತವಾಗಿ ಕಡ್ಡಿಯನ್ನು ಎಳೆಯುವ ಸುರುಳಿ), ಹೀಗೆ ಸುರುಳಿ ಇರುವ ಯಾವುದನ್ನಾದರೂ ಓಡಿಸುವಾಗ ಅದಕ್ಕೆ ಅಡ್ಡಲಾಗಿ 1ಎನ್4007 ಡಯೋಡು ಹಾಕಿ, ಬೆಳ್ಳಿಗೆರೆಯ ತುದಿ ಪ್ಲಸ್ಸಿನ ಕಡೆಗೆ. ಇದೂ ಮರಳುವ ದಾರಿಯ ಕಥೆಯೇ. ಸುರುಳಿಯಲ್ಲಿ ಹರಿಯುತ್ತಿದ್ದ ಕರೆಂಟಿಗೆ ಓಡುವ ಬಸ್ಸಿನ ವೇಗದಂತೆ ಒಂದು ಹಟವಿರುತ್ತದೆ. ಟ್ರಾನ್ಸಿಸ್ಟರ್ ಫಕ್ಕನೆ ದಾರಿ ಮುಚ್ಚಿದರೆ ಅದು ನಿಲ್ಲಲು ಒಪ್ಪದೆ ವೋಲ್ಟೇಜನ್ನು ಹತ್ತಾರು, ಕೆಲವೊಮ್ಮೆ ನೂರಾರು ವೋಲ್ಟಿಗೆ ಏರಿಸಿ ಟ್ರಾನ್ಸಿಸ್ಟರನ್ನೇ ಭೇದಿಸುತ್ತದೆ. ಡಯೋಡು ಇದ್ದರೆ ಆ ಕರೆಂಟು ಅದರ ಮೂಲಕ ಸುರುಳಿಯಲ್ಲೇ ಸುತ್ತಿ ಸುತ್ತಿ ತಣ್ಣಗಾಗುತ್ತದೆ. ಸಿದ್ಧ ರಿಲೇ ಮಾಡ್ಯೂಲುಗಳಲ್ಲಿ ಈ ಡಯೋಡು ಬೆಸೆದೇ ಬಂದಿರುತ್ತದೆ. ಅವುಗಳಲ್ಲಿ ಬಹಳಷ್ಟು ಮಾಡ್ಯೂಲುಗಳು ಬೋರ್ಡಿನ ಪಿನ್ ‘ಲೋ’, ಅಂದರೆ 0 ವೋಲ್ಟ್, ಆದಾಗ ಚಾಲೂ ಆಗುವಂಥವು. ಎಲ್ಲವೂ ತಲೆಕೆಳಗಾಗಿ ನಡೆಯುತ್ತಿದೆ ಎನ್ನಿಸಿದರೆ ನಿಮ್ಮ ಕೋಡನ್ನು ಬೈಯಬೇಡಿ.

ಮೈನಸ್ಸುಗಳನ್ನು ಸೇರಿಸಿದ ಮೇಲೂ ಬೋರ್ಡು ರೀಸೆಟ್ ಆದರೆ, ಮರಳುವ ತಂತಿ ಎಷ್ಟು ತೆಳ್ಳಗಿದೆ ನೋಡಿ. ಬ್ರೆಡ್‌ಬೋರ್ಡಿನ (ಬೆಸೆಯದೆ ತಂತಿ ಸಿಕ್ಕಿಸುವ ತೂತಿನ ಹಲಗೆಯ) ತೆಳು ತಂತಿ ಮತ್ತು ಸಡಿಲ ಹಿಡಿತಗಳು ಸೇರಿ ಅರ್ಧ ಓಮ್ ಆಗುವುದು ದೊಡ್ಡ ಮಾತಲ್ಲ. ಮೋಟಾರಿನ 1 ಆಂಪಿಯರ್ ಅದರಲ್ಲಿ ಮರಳಿದರೆ ಅರ್ಧ ವೋಲ್ಟ್ ಅಲ್ಲಿಯೇ ಬೀಳುತ್ತದೆ, ಅಂದರೆ ಬೋರ್ಡು ಸೊನ್ನೆ ಎಂದು ನಂಬಿದ ಜಾಗ ಅರ್ಧ ವೋಲ್ಟ್ ಮೇಲೆದ್ದಿರುತ್ತದೆ. ಮೋಟಾರಿನ ಮೈನಸ್ ತಂತಿಯನ್ನು ಬೋರ್ಡಿನ ಮೂಲಕ ಹಾಯಿಸದೆ ದಪ್ಪ ತಂತಿಯಲ್ಲಿ ನೇರವಾಗಿ ಅದರ ಅಡಾಪ್ಟರಿಗೆ ಒಯ್ಯಿರಿ, ಬೋರ್ಡಿನ ಜಿಎನ್‌ಡಿಯಿಂದ ಅಲ್ಲಿಗೇ ಇನ್ನೊಂದು ತಂತಿ ತನ್ನಿ. ಎರಡೂ ಅಲ್ಲಿ ಸೇರಲಿ. ಬೋರ್ಡಿನ 5 ವೋಲ್ಟ್ ಮತ್ತು ಜಿಎನ್‌ಡಿ ನಡುವೆ 470 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ (ವಿದ್ಯುತ್ತನ್ನು ತುಸು ಕೂಡಿಟ್ಟುಕೊಳ್ಳುವ ಬಿಡಿಭಾಗ) ಇಟ್ಟರೆ ಗಳಿಗೆಯ ಕೊರತೆಯನ್ನು ಅದು ತುಂಬಿಕೊಡುತ್ತದೆ. ಅದರ ಮೈಮೇಲಿನ ಮೈನಸ್ ಪಟ್ಟಿ ಜಿಎನ್‌ಡಿಯ ಕಡೆಗಿರಲಿ, ತಿರುವುಮುರುವಾದರೆ ಸಿಡಿಯುತ್ತದೆ. ಉದ್ದನೆಯ ಬ್ರೆಡ್‌ಬೋರ್ಡು ಕೊಂಡಿದ್ದರೆ ಅಂಚಿನ ಕೆಂಪು ಮತ್ತು ನೀಲಿ ಸಾಲುಗಳು ನಡುವೆ ತುಂಡಾಗಿವೆಯೇ ಎಂದೂ ಪರೀಕ್ಷಿಸಿ. ಕೆಲವು ಬೋರ್ಡುಗಳಲ್ಲಿ ಅವು ಅರ್ಧಕ್ಕೇ ನಿಂತಿರುತ್ತವೆ, ಅದನ್ನು ಹುಡುಕುವುದರಲ್ಲಿ ಮಧ್ಯಾಹ್ನಗಳೇ ಕಳೆದುಹೋಗುತ್ತವೆ.

ಪರೀಕ್ಷಿಸಲು ಮಲ್ಟಿಮೀಟರ್ ಬೇಕು. ಕೆಲವು ನೂರು ರೂಪಾಯಿಗೆ ಸಿಗುವ ಹಳದಿ ಮೀಟರೇ ಸಾಕು, ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಬಂದಾಗ ಕೊಂಡುಕೊಳ್ಳಿ. ತಂತಿ ಎಲ್ಲಿಯೂ ಕಡಿದಿಲ್ಲವಾದರೆ ಪೀಂ ಎನ್ನುವ ಕಂಟಿನ್ಯುಟಿ ಸ್ಥಾನವೇ ನಿಮ್ಮ ಮೊದಲ ಗುರು. ಕರೆಂಟು ಅಳೆಯುವ 10 ಆಂಪಿಯರ್ ತೂತಿನಿಂದ ಸದ್ಯಕ್ಕೆ ದೂರವಿರಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹಿಂದಿನ ಪ್ರಯೋಗದ ನಂತರ ಕೆಂಪು ತಂತಿಯನ್ನು ಆ ತೂತಿನಿಂದ ತೆಗೆಯಲು ಮರೆತು, 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿಯ ವೋಲ್ಟೇಜು ನೋಡಲು ಹೋದೆ. ಆ ಸ್ಥಾನದಲ್ಲಿ ಮೀಟರಿನ ರೋಧ ಬಹುತೇಕ ಸೊನ್ನೆ, ಅಂದರೆ ಬ್ಯಾಟರಿಯ ಎರಡು ತುದಿಗೆ ನಾನೇ ತಂತಿ ಬಿಗಿದಂತಾಯಿತು. ಕಡ್ಡಿಯ ತುದಿ ಬ್ಯಾಟರಿಯ ಮೇಲೆ ಬೆಸೆದುಕೊಂಡಿತು. ಇಪ್ಪತ್ತು ವಿದ್ಯಾರ್ಥಿಗಳ ಮುಂದೆ.

ಏನೂ ಜೋಡಿಸದ ಅನಲಾಗ್ ಪಿನ್ 300, 412, 287 ಎಂದು ಕುಣಿಯುವುದು ಸಹಜ. ಆ ಪಿನ್ 0ಯಿಂದ 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಅಳೆಯುತ್ತದೆ, ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಅಳೆಯುವಾಗ ಅದು ಕರೆಂಟನ್ನು ಹೆಚ್ಚುಕಡಿಮೆ ಎಳೆಯುವುದೇ ಇಲ್ಲ. ಎಲ್ಲಿಗೂ ಕಟ್ಟದ ದನ ಎತ್ತ ಬೇಕಾದರೂ ಅಲೆಯುವಂತೆ, ಗೋಡೆಯ ವೈರಿಂಗಿನ 50 ಹರ್ಟ್ಸ್, ನಿಮ್ಮ ಬೆರಳು, ಪಕ್ಕದ ಪಿನ್ ಎಲ್ಲವೂ ಅದನ್ನು ಎಳೆದಾಡುತ್ತವೆ. 10 ಸಾವಿರ ಓಮಿನ ರೋಧಕದಿಂದ ಜಿಎನ್‌ಡಿಗೆ ಕಟ್ಟಿಹಾಕಿ, ಸೊನ್ನೆಗೆ ಬಂದು ನಿಲ್ಲುತ್ತದೆ. ಒತ್ತುಗುಂಡಿಗಳಿಗೆ ಚಿಪ್ಪಿನೊಳಗಿನ ಪುಲ್‌ಅಪ್ (ಪಿನ್ನನ್ನು 5 ವೋಲ್ಟಿಗೆ ಕಟ್ಟಿಹಾಕುವ ರೋಧಕ) ಬಳಸಿ, ಹೊರಗಿನ ರೋಧಕವೇ ಬೇಕಿಲ್ಲ.

ಜುಮ್ ಎನ್ನುವ ವಿಷಯಕ್ಕೆ ಬರುತ್ತೇನೆ. ನಿಮ್ಮ ಮನೆಯ ನೆಲ ಶಹಾಬಾದ್ ಕಲ್ಲಿನದಿರಬೇಕು, ನೀವು ಬರಿಗಾಲಲ್ಲಿ ಕುಳಿತು ಕೆಲಸ ಮಾಡುತ್ತಿರಬೇಕು. ಚಪ್ಪಲಿ ಹಾಕಿಕೊಂಡು ಮುಟ್ಟಿ ನೋಡಿ, ಜುಮ್ ಕಡಿಮೆಯಾಗುತ್ತದೆ. 5 ವೋಲ್ಟಿಗೆ ಒಣಚರ್ಮವನ್ನು ದಾಟುವ ತಾಕತ್ತಿಲ್ಲ, ಅದು ನಿಮಗೆ ಗೊತ್ತೇ ಆಗುವುದಿಲ್ಲ. ನಿಮ್ಮನ್ನು ಕಚಗುಳಿ ಇಡುತ್ತಿರುವುದು ಲ್ಯಾಪ್‌ಟಾಪಿನ ಚಾರ್ಜರು. ಅದರೊಳಗೆ ಗೋಡೆಯ ಬದಿಗೂ ಹೊರಬದಿಯ ಮೈನಸ್ಸಿಗೂ ನಡುವೆ ಗದ್ದಲ ತಡೆಯಲೆಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಒಂದು ಮಿಲಿಆಂಪಿಯರಿಗಿಂತಲೂ ಕಡಿಮೆ ಕರೆಂಟು ಸೋರುತ್ತದೆ. ಮನೆಯ ಅರ್ಥಿಂಗ್ ಸರಿಯಿದ್ದು ಚಾರ್ಜರಿಗೆ ಮೂರು ಕಡ್ಡಿಯ ಪ್ಲಗ್ಗಿದ್ದರೆ ಆ ಸೋರಿಕೆ ಮೂರನೇ ತಂತಿಯಲ್ಲಿ ಹೋಗುತ್ತದೆ. ಇಲ್ಲವಾದರೆ ಬೋರ್ಡಿನ ಯುಎಸ್‌ಬಿ ಲೋಹ, ನಿಮ್ಮ ಬೆರಳು, ನಿಮ್ಮ ಮೈ, ಒರೆಸಿ ಇನ್ನೂ ಹಸಿಯಾಗಿರುವ ಕಲ್ಲು, ನೆಲ. ಮರಳುವ ದಾರಿ ನೀವೇ ಆಗಿದ್ದೀರಿ. ಸದ್ಯಕ್ಕೆ ಅಪಾಯವಿಲ್ಲ, ಆದರೆ ಚಾರ್ಜರಿನದು ಮೂರು ಕಡ್ಡಿಯ ಪ್ಲಗ್ಗಾಗಿದ್ದರೆ ಮನೆಯ ಅರ್ಥಿಂಗ್ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ ಅದು. ಅದನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ನಮ್ಮ ಎರೆಮಣ್ಣಿಗೂ ಅರ್ಥಿಂಗಿಗೂ ಬೇಸಿಗೆಯಲ್ಲಿ ಹಗೆ. ಒಣಗಿದ ಎರೆ ಕುಗ್ಗಿ ಬಿರಿದು ಹೂತ ಕೊಳವೆಯಿಂದ ದೂರ ಸರಿಯುತ್ತದೆ. ಉಪ್ಪು ಮತ್ತು ಇದ್ದಿಲು ತುಂಬಿದ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ಕೊಡ ನೀರು ಸುರಿಯುವ ಹಿರಿಯರ ರೂಢಿ ಕುರುಡು ಆಚರಣೆಯಲ್ಲ. ಅದರ ಜೊತೆಗೆ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಅದು ಮಾಡುವುದು ಒಂದೇ ಕೆಲಸ: ಫೇಸಿನಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲ್ಲಿನಲ್ಲಿ ಮರಳಿತೇ ಎಂದು ಗಳಿಗೆ ಗಳಿಗೆಗೂ ಲೆಕ್ಕ ಹಾಕುವುದು. ವ್ಯತ್ಯಾಸ ಕಂಡರೆ, ಉಳಿದದ್ದು ಯಾರದೋ ಮೈಯಲ್ಲಿ ಮರಳುತ್ತಿರಬಹುದು ಎಂದು ಸಂಪರ್ಕ ಕಡಿದುಬಿಡುತ್ತದೆ. ಒದ್ದೆ ಮೈಯ ರೋಧ ಸಾವಿರ ಓಮಿನಷ್ಟಕ್ಕೆ ಇಳಿಯಬಲ್ಲದು. 230 ವೋಲ್ಟನ್ನು ಅದರಿಂದ ಭಾಗಿಸಿದರೆ ಬರುವ 230 ಮಿಲಿಆಂಪಿಯರ್ ಪ್ರಾಣ ತೆಗೆಯಲು ಬೇಕಾದದ್ದಕ್ಕಿಂತ ಹೆಚ್ಚು.

ಅದೇ ಎರೆಮಣ್ಣು ನಿಮ್ಮ ತೇವಾಂಶ ಸೆನ್ಸರನ್ನೂ ಕಾಡಲಿದೆ. ಕಿಟ್ಟಿನಲ್ಲಿ ಬಂದ ಎರಡು ಹಲ್ಲಿನ ಸೆನ್ಸರಿಗೆ ಸದಾ 5 ವೋಲ್ಟ್ ಕೊಟ್ಟಿಟ್ಟರೆ ವಿದ್ಯುದ್ವಿಭಜನೆಯಿಂದ ಅದರ ಒಂದು ಹಲ್ಲು ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. ಓದುವ ಗಳಿಗೆಯಲ್ಲಿ ಮಾತ್ರ ಪಿನ್ನಿನಿಂದ ವಿದ್ಯುತ್ತು ಕೊಟ್ಟು ಕೂಡಲೇ ಆರಿಸಿ, ದಿನಕ್ಕೆ ನಾಲ್ಕು ಸಲ ಓದಿದರೆ ಧಾರಾಳ. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಸೆನ್ಸರ್ ಇನ್ನೂ ಮೇಲು, ಅದರ ಮೇಲ್ತುದಿಯ ಬಿಡಿಭಾಗಗಳಿಗೆ ವಾರ್ನಿಷ್ ಬಳಿದು ನೀರಿನಿಂದ ಕಾಪಾಡಿ. ಆದರೆ ಯಾವ ಸೆನ್ಸರ್ ಆದರೂ ಬಿರುಕಿನಲ್ಲಿ ಗಾಳಿಯ ನಡುವೆ ನಿಂತರೆ ‘ಪೂರ್ತಿ ಒಣ’ ಎನ್ನುತ್ತದೆ, ಪಕ್ಕದ ಹೆಂಟೆಯಲ್ಲಿ ತೇವವಿದ್ದರೂ ಅದಕ್ಕೆ ತಿಳಿಯದು. ಬೀದರಿನ ಕಡೆಯ ಕೆಂಪು ಮಣ್ಣಿನಲ್ಲಿ ಯಾರೋ ಕಂಡುಕೊಂಡ ಸಂಖ್ಯೆ ನಿಮ್ಮ ತೊಗರಿ ಹೊಲಕ್ಕೆ ನಡೆಯುವುದಿಲ್ಲ. ಜಿಗುಟಾದ ಎರೆ ತುಂಬ ನೀರು ಹಿಡಿದಿಡುತ್ತದೆ, ಅದರಲ್ಲಿ ಒಂದು ಪಾಲನ್ನು ಬೇರಿಗೆ ಬಿಟ್ಟುಕೊಡುವುದೇ ಇಲ್ಲ. ಹಾಗಾಗಿ ಸೆನ್ಸರ್ ‘ತೇವವಿದೆ’ ಎನ್ನುವಾಗಲೇ ಗಿಡ ಬಾಡಬಹುದು. ನಿಮ್ಮದೇ ಮಣ್ಣನ್ನು ಎರಡು ಡಬ್ಬಿಯಲ್ಲಿ ತುಂಬಿ, ಒಂದನ್ನು ಬಿಸಿಲಲ್ಲಿ ಒಣಗಿಸಿ, ಇನ್ನೊಂದನ್ನು ನೆನೆಸಿ ನೀರು ಬಸಿದ ಮೇಲೆ ಓದಿ. ನಡುವಿನ ಗೆರೆ ಎಲ್ಲಿ ಎಂಬುದನ್ನು ಅಪ್ಪನನ್ನು ಕೇಳಿ, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅವರು ಹೇಳುವ ಗಳಿಗೆಯ ಸಂಖ್ಯೆಯನ್ನು ಬರೆದುಕೊಳ್ಳಿ.

ಪಂಪಿನ ವಿಷಯದಲ್ಲಿ ನಿಮಗೆ ನಿರಾಸೆ ಮಾಡಲಿದ್ದೇನೆ. ನೀಲಿ ಡಬ್ಬಿಯ ರಿಲೇಯ ಮೇಲೆ 10 ಆಂಪಿಯರ್, 250 ವೋಲ್ಟ್ ಎಂದು ಬರೆದಿರುತ್ತದೆ. 5 ಎಚ್‌ಪಿ ತ್ರೀ ಫೇಸ್ ಪಂಪು ಓಡುವಾಗ ಸುಮಾರು ಏಳೆಂಟು ಆಂಪಿಯರ್ ಎಳೆದರೂ ಹೊರಡುವಾಗ ಅದರ ಐದಾರು ಪಟ್ಟು ಎಳೆಯುತ್ತದೆ. ರಿಲೇಯ ಸಂಪರ್ಕಗಳು ಬೆಸೆದುಕೊಂಡರೆ ಪಂಪು ನಿಲ್ಲುವುದೇ ಇಲ್ಲ. ‘ಪಂಪನ್ನು ಬೇಡ, ಸ್ಟಾರ್ಟರಿನ ಕಾಯಿಲನ್ನು (ಅದರೊಳಗಿನ ಸುರುಳಿಯನ್ನು) ಮಾತ್ರ ರಿಲೇಯಿಂದ ಚಾಲೂ ಮಾಡುತ್ತೇನೆ’ ಎಂದು ನೀವು ಹೇಳಬಹುದು. ಅಲ್ಲಿಯೂ ಬಲೆ ಇದೆ: ನಮ್ಮ ಹೊಲಗಳ ಸ್ಟಾರ್ಟರುಗಳಲ್ಲಿ ಆ ಕಾಯಿಲು ಎಷ್ಟೋ ಸಲ ಎರಡು ಫೇಸುಗಳ ನಡುವೆ, ಅಂದರೆ 415 ವೋಲ್ಟಿನಲ್ಲಿ ಇರುತ್ತದೆ. ಆ ರಿಲೇ ಅದಕ್ಕೆ ತಕ್ಕದ್ದಲ್ಲ. ವಿದ್ಯುತ್ತು ಹೋಗಿ ಬಂದಾಗ ಪಂಪು ತಾನಾಗಿ ಶುರುವಾಗದಂತೆ ತಡೆಯುವುದೂ ಅದೇ ಕಾಯಿಲು. ಅಪ್ಪ ರಾತ್ರಿ ಹೋಗಬೇಕಾಗಿರುವುದು ಅದರಿಂದಲೇ, ಆದರೆ ಕೊಳವೆ ಬಿಚ್ಚಿ ಕೈಹಾಕಿದವನ ಜೀವ ಉಳಿಯುವುದೂ ಅದರಿಂದಲೇ. ಮೂರರಲ್ಲಿ ಒಂದು ಫೇಸ್ ಬರದಿದ್ದರೆ ಮೋಟಾರು ಸುಡುತ್ತದೆ, ಬಾವಿಯಲ್ಲಿ ನೀರಿಲ್ಲದಿದ್ದರೂ ಸುಡುತ್ತದೆ. ಇವೆಲ್ಲವನ್ನೂ ನೋಡಿಕೊಳ್ಳುವ ಮೊಬೈಲ್ ಸ್ಟಾರ್ಟರುಗಳು ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುತ್ತವೆ. ಹಾವು, ಹುಳದ ಕತ್ತಲಲ್ಲಿ ಅಪ್ಪ ಹೋಗುವುದು ತಪ್ಪಬೇಕೆಂದರೆ ಈ ಹಂಗಾಮಿನಲ್ಲೇ ಅಂಥದ್ದೊಂದನ್ನು ಕೊಂಡು, ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಹಾಕಿಸಿ. ನೀವು ಕಲಿಯುವವರೆಗೆ ಅವರು ಕಾಯಬೇಕಾಗಿಲ್ಲ.

ನಿಮ್ಮ ಬೋರ್ಡಿಗೆ ಇನ್ನೊಂದು ಒಳ್ಳೆಯ ಕೆಲಸವಿದೆ. ಮಣ್ಣಿನ ಸಂಖ್ಯೆಯನ್ನು ಓದಿ ದಾಖಲಿಸುವುದು, ಹನಿ ನೀರಾವರಿಯ ಕೊಳವೆಯಲ್ಲಿ 12 ವೋಲ್ಟಿನ ಸೊಲೆನಾಯ್ಡ್ ವಾಲ್ವನ್ನು ತೆರೆದು ಮುಚ್ಚುವುದು. ಮೊದಲ ತಿಂಗಳು ಅದೂ ಬೇಡ, ಅಂಗಳದ ತುಳಸಿ ಕುಂಡಕ್ಕೆ 12 ವೋಲ್ಟಿನ ಪುಟ್ಟ ಪಂಪಿನಿಂದ ನೀರುಣಿಸಿ. ತಪ್ಪಾದರೆ ಅಂಗಳ ಒದ್ದೆಯಾಗುತ್ತದೆ, ಅಷ್ಟೇ.

ಉಳಿದದ್ದು ಎಂಟನೇ ಪಿನ್. ಬೇರೇನೂ ಜೋಡಿಸದೆ ಅದನ್ನು ಎರಡು ಸೆಕೆಂಡು ‘ಹೈ’, ಎರಡು ಸೆಕೆಂಡು ‘ಲೋ’ ಮಾಡುವ ಪ್ರೋಗ್ರಾಂ ಹಾಕಿ, ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಪಿನ್ ಮತ್ತು ಜಿಎನ್‌ಡಿ ನಡುವೆ ನೋಡಿ. 5 ಮತ್ತು 0 ನಡುವೆ ಬದಲಾಗುತ್ತಿದ್ದರೆ 470 ಓಮ್ ರೋಧಕದೊಂದಿಗೆ ಹೊಸ ಎಲ್‌ಇಡಿ ಹಾಕಿ, ಉದ್ದ ಕಾಲು ಪಿನ್ನಿನ ಕಡೆಗೆ. ಬಹುಶಃ ನೀವು ಎರಡನೇ ಸಲ ತಿರುವುಮುರುವಾಗಿ ಹಾಕಿದ್ದಿರಬಹುದು. ಸಂಖ್ಯೆ ಅಲುಗಾಡದಿದ್ದರೆ ಆ ಪಿನ್ ಸತ್ತಿದೆ. ಬೋರ್ಡನ್ನು ಎಸೆಯಬೇಡಿ, ಆ ಪಿನ್ನಿನ ಮೇಲೆ ಕೆಂಪು ಟೇಪಿನ ಚೂರು ಅಂಟಿಸಿ. ಅನಲಾಗಿನವೂ ಸೇರಿ ಇನ್ನೂ 19 ಪಿನ್ ಉಳಿದಿವೆ. ಅವುಗಳಲ್ಲಿ 0 ಮತ್ತು 1 ಲ್ಯಾಪ್‌ಟಾಪಿನ ಜೊತೆ ಮಾತನಾಡಲು ಬೇಕು, ಅವನ್ನು ಬಿಟ್ಟು 2 ಎಂದು ಬರೆದ ಪಿನ್ನಿನಿಂದ ಶುರು ಮಾಡಿ.